ಚಂಪಕಾಳ ಕಣ್ಣಿನ ಮಾವುತ

ಪ್ರಾಣಿಯ ಫೋಟೊ ತೆಗೆದರೆ ಅದರಲ್ಲಿ ಪ್ರಾಣಿ ಬರುತ್ತಿರಲಿಲ್ಲ. ಆ ಗಳಿಗೆಯಲ್ಲಿ ಅದು ಏನನ್ನು ನೆನೆಯುತ್ತಿತ್ತೋ ಅದೇ ಮೂಡುತ್ತಿತ್ತು. ಮೃಗವನದಲ್ಲಿ ಬೆಳಗಿನಿಂದ ಮಂಗಳ ತೆಗೆದ ಜಿಂಕೆಯ ಫೋಟೊಗಳಲ್ಲೆಲ್ಲ ಬರೀ ಹುಲ್ಲು, ಹುಲಿಯದರಲ್ಲಿ ಬರೀ ಜಿಂಕೆ.

"ಇದೇನವ್ವ, ಇವಕ್ಕೆ ಹೊಟ್ಟೆ ಬಿಟ್ರೆ ಬೇರೆ ಯೋಚ್ನೆನೇ ಇಲ್ವಾ?"

"ಚಿಕ್ಕೋಳಿದ್ದಾಗ ನಿಂಗೇನಿತ್ತು ಮಹಾ?" ಎಂದು ತಾಯಿ ಪುಟ್ಟನಂಜಮ್ಮ ನಕ್ಕಳು.

ಆಕೆ ಬಂದದ್ದು ಮುದಿ ಆನೆ ಚಂಪಕಾಳಿಗಾಗಿ. ತೀರಿಹೋದ ಗಂಡ ಜಡೆಯಯ್ಯ ಅದರ ಮಾವುತನಾಗಿದ್ದ. ಅವನದೊಂದು ಫೋಟೊವೂ ಇಲ್ಲದೆ ಮನೆಯ ಗೋಡೆಯಲ್ಲಿ ಮೊಳೆಯೊಂದೇ ಉಳಿದಿತ್ತು. ಅವನು ಮಾಡುತ್ತಿದ್ದಂತೆಯೇ ರಾಗಿಮುದ್ದೆಯೊಳಗೆ ಬೆಲ್ಲ ಅಡಗಿಸಿ ಕೊಟ್ಟಳು. ಚಂಪಕಾ ಮೆಲ್ಲಗೆ ಅಗಿಯುತ್ತ ಕಣ್ಣು ಮುಚ್ಚಿತು.

"ಈಗ ತೆಗಿ ಮಗ!"

ಮಂಜು ಸರಿದಂತೆ ಚಿತ್ರ ಮೂಡಿತು. ಜಡೆಯಯ್ಯನ ಖಾಕಿ ಅಂಗಿ, ಕೈಯಲ್ಲಿ ಮುದ್ದೆ. ಮುಖ ಮಾತ್ರ ಆಚೆ ತಿರುಗಿತ್ತು.

"ಅಯ್ಯೋ, ಅಪ್ಪನ ಮುಖವೇ ಬಂದಿಲ್ಲ! ಇನ್ನೊಂದು ಮುದ್ದೆ ಐತಲ್ಲ, ಕೊಡವ್ವ."

ಪುಟ್ಟನಂಜಮ್ಮ ಚಿತ್ರದಲ್ಲಿ ಅವನು ನೋಡುತ್ತಿದ್ದ ಕಡೆಗೇ ನೋಡುತ್ತಿದ್ದಳು. ಚಿತ್ರದೊಳಗಿನ ದೂರದ ಗೇಟಿನಲ್ಲಿ ಹಸಿರು ಸೀರೆಯುಟ್ಟ ಎಳೆಯ ಹೆಣ್ಣೊಬ್ಬಳು ಬುತ್ತಿ ಹಿಡಿದು ಬರುತ್ತಿದ್ದಳು. ಆ ಸೀರೆ ಇನ್ನೂ ಪುಟ್ಟನಂಜಮ್ಮನ ಪೆಟ್ಟಿಗೆಯಲ್ಲಿತ್ತು.

"ಸಾಕು ಬಿಡು. ಆ ಮೊಳೆಗೆ ಇದ್ನೇ ಹಾಕೋಣ" ಎಂದಳು.

ಉಳಿದ ಮುದ್ದೆಯನ್ನು, ಫೋಟೊ ಏನೂ ತೆಗೆಸದೆ, ಸುಮ್ಮನೆ ಆನೆಗೆ ತಿನ್ನಿಸಿದಳು.