ಸೆಕೆಂಡಿನ ಮುಳ್ಳಿರುವ ವಾಚು

"ಇದೂ ಸರಿಯಿಲ್ಲ," ಎಂದು ಅವಳು ಎರಡನೆಯ ವಾಚನ್ನೂ ಗಾಜಿನ ಮೇಜಿನ ಮೇಲಿಟ್ಟಾಗ ಅಂಗಡಿಯವನ ಹುಬ್ಬು ಗಂಟಿಕ್ಕಿತು. ಗಿರಾಕಿಗಳು ವಾಚನ್ನು ಕಿವಿಗೆ ಹಿಡಿದು ನೋಡುವುದುಂಟು, ಬೆಳಕಿಗೆ ಹಿಡಿದು ನೋಡುವುದುಂಟು. ಈ ಹುಡುಗಿಯೋ ಒಂದು ಕೈಯಲ್ಲಿ ವಾಚು, ಇನ್ನೊಂದು ಕೈಯಲ್ಲಿ ಪಕ್ಕದ ಸ್ಟೂಲಿನಲ್ಲಿ ಕೂತ ಅಪ್ಪನ ಮಣಿಕಟ್ಟು ಹಿಡಿದುಕೊಂಡು, ತುಟಿ ಪಿಟಿಪಿಟಿ ಆಡಿಸುತ್ತಾ ನಾಡಿ ಎಣಿಸುತ್ತಿದ್ದಳು.

ಅವಳಿಗೂ ಬೇರೆ ದಾರಿಯಿರಲಿಲ್ಲ. ನರ್ಸಿಂಗ್ ತರಬೇತಿಯವರು ವಾರ್ಡಿನೊಳಗೆ ಮೊಬೈಲು ತರುವಂತಿಲ್ಲ. ನಾಡಿ ಎಣಿಸಲು ಸೆಕೆಂಡಿನ ಮುಳ್ಳಿರುವ ವಾಚೇ ಬೇಕು. ರಸ್ತೆ ಬದಿಯಲ್ಲಿ ಕೊಂಡಿದ್ದ ಹಳೆಯದು ನೋಡಲು ಲಕ್ಷಣವಾಗಿತ್ತು, ಮುಳ್ಳು ಮಾತ್ರ ತನಗೆ ಮನಸ್ಸು ಬಂದಾಗ ನಿಂತುಬಿಡುತ್ತಿತ್ತು. ಅದನ್ನು ನಂಬಿ ನಿನ್ನೆ ಒಬ್ಬ ರೋಗಿಯ ನಾಡಿಯನ್ನು ತಪ್ಪಾಗಿ ಹೇಳಿದ್ದಳು. ಹಿರಿಯ ಸಿಸ್ಟರ್ ಎಲ್ಲರೆದುರೇ ಮಂಗಳಾರತಿ ಎತ್ತಿದ್ದರು. ಮುಂದಿನ ಡ್ಯೂಟಿಗೆ ನೆಟ್ಟಗೆ ಓಡುವ ವಾಚು ಕಟ್ಟಿಕೊಂಡು ಬಾ, ಇನ್ನೊಮ್ಮೆ ತಪ್ಪಿದರೆ ವಾರ್ಡಿಗೆ ಕಾಲಿಡಬೇಡ ಎಂದಿದ್ದರು. ಒಮ್ಮೆ ಮೋಸ ಹೋದವಳಿಗೆ ಈಗ ಮುಳ್ಳು ಓಡುವುದನ್ನು ಕಣ್ಣಾರೆ ಕಂಡರೂ ನಂಬಿಕೆಯಿಲ್ಲ. ಸುಮ್ಮನೆ ಕೂತ ಮನುಷ್ಯನ ನಾಡಿ ಗಳಿಗೆಗೊಂದು ಥರ ಆಗುವುದಿಲ್ಲ, ಎರಡು ವಾಚು ಎರಡು ಲೆಕ್ಕ ಕೊಟ್ಟರೆ ತಪ್ಪು ವಾಚಿನದೇ ಎಂಬುದು ಅವಳ ವಾದ.

ಅಪ್ಪ ಮನೆಗಳಿಗೆ ಬಣ್ಣ ಬಳಿಯುವವನು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಪೈಕಿ; ಆದರೆ ಮಗಳ ವಿಷಯಕ್ಕೆ ಬಂದರೆ ಹಾಸಿಗೆಯನ್ನೇ ಎಳೆದು ಉದ್ದ ಮಾಡಲು ನೋಡುವವನು. ಇನ್ನೂ ಸ್ವಲ್ಪ ಒಳ್ಳೆಯದು ತೋರಿಸಿ ಎಂದ. ಮೂರನೆಯದರ ಬೆಲೆ ಕೇಳಿ ಒಮ್ಮೆ ಉಗುಳು ನುಂಗಿದ, ಆದರೂ ಕೈ ಮುಂದೆ ಚಾಚಿದ. ಅವಳು ವಾರ್ಡಿನಲ್ಲಿ ಕಲಿತಂತೆ ಅರ್ಧ ನಿಮಿಷ ಎಣಿಸಿ ಎರಡರಷ್ಟು ಮಾಡಿದಳು. ಮೊದಲ ವಾಚಿನಲ್ಲಿ ಎಂಬತ್ತರ ಸುಮಾರು ಬಂದಿತ್ತು, ಎರಡನೆಯದರಲ್ಲಿ ನೂರರ ಹತ್ತಿರ. ಇದರಲ್ಲಿ ಅದೂ ಅಲ್ಲ, ಇದೂ ಅಲ್ಲ, ತೊಂಬತ್ತು. ಅಪ್ಪನ ಜೇಬಿನ ಶಕ್ತಿ ಇಷ್ಟಕ್ಕೇ ಮುಗಿಯಿತು. ಇದಕ್ಕೂ ಮೇಲಿನ ವಾಚುಗಳು ಬೀಗ ಹಾಕಿದ ಕಪಾಟಿನಲ್ಲಿದ್ದವು.

ಅಂಗಡಿಯವ ಮೂರನ್ನೂ ಸಾಲಾಗಿಟ್ಟು ಗೋಡೆಯ ಗಡಿಯಾರದತ್ತ ಬೆರಳು ತೋರಿಸಿದ. ನಾಲ್ಕೂ ಮುಳ್ಳುಗಳು ಒಟ್ಟೊಟ್ಟಿಗೇ ಹೆಜ್ಜೆ ಹಾಕುತ್ತಿದ್ದವು. ಆ ಗಡಿಯಾರವೂ ನಿಮ್ಮದೇ ತಾನೇ ಎಂದು ಅಪ್ಪ ಕೇಳಿದ್ದೇ ತಡ, ಅಂಗಡಿಯವನ ತಾಳ್ಮೆ ಮುಗಿಯಿತು.

"ಕುಣಿಯೋಕೆ ಬಾರದವರು ನೆಲ ಡೊಂಕು ಅಂದ್ರಂತೆ. ನಿಮ್ಮ ಮಗಳಿಗೆ ಎಣಿಸೋಕೆ ಬರುತ್ತಾ, ಮೊದಲು ಅದು ಹೇಳಿ."

ಅಪ್ಪ ಧಡಕ್ಕನೆ ಎದ್ದು ನಿಂತ. ದುಡ್ಡು ಕಡಿಮೆ ಎಂದು ಕೆಟ್ಟ ಮಾಲು ದಾಟಿಸುತ್ತೀರಾ ಎಂದು ದನಿಯೇರಿಸಿದ. ಮಾತು ಮುಗಿಯುವಷ್ಟರಲ್ಲಿ ಏದುಸಿರು ಬಂದು ಮತ್ತೆ ಸ್ಟೂಲಿನ ಮೇಲೆ ಕುಸಿದ. ಅವಳಿಗೆ ಅಳು ಬರುವುದೊಂದು ಬಾಕಿ. ನಿನ್ನೆ ಸಿಸ್ಟರ್ ಕೇಳಿದ್ದೂ ಇದನ್ನೇ. ತನಗೇ ಎಣಿಸಲು ಬಾರದಿದ್ದರೆ ಯಾವ ವಾಚು ಕಟ್ಟಿ ಏನು ಬಂತು?

ಅಂಗಡಿಯವ ಅಂಗಿಯ ತೋಳು ಮೇಲೆ ಸರಿಸಿ ತನ್ನ ಕೈಯನ್ನೇ ಮೇಜಿನ ಮೇಲಿಟ್ಟ. "ತಗೋಮ್ಮ, ನಂದು ಎಣಿಸು."

ಅವಳು ಎಣಿಸಿದಳು. ಅಗ್ಗದ ವಾಚಿನಲ್ಲಿ ಎಪ್ಪತ್ತಾರು. ಎರಡನೆಯದರಲ್ಲೂ ಅಷ್ಟೇ, ದುಬಾರಿಯದರಲ್ಲೂ ಅಷ್ಟೇ. ಅಂಗಡಿಯವ ಗೆದ್ದವನಂತೆ ಅಪ್ಪನ ಕಡೆ ನೋಡಿದ. ಅವಳು ಮಾತ್ರ ಮೆಲ್ಲಗೆ ಅಪ್ಪನ ಮಣಿಕಟ್ಟನ್ನು ಮತ್ತೆ ಕೈಗೆತ್ತಿಕೊಂಡಳು.

ಈ ಸಲ ವಾಚು ನೋಡಲಿಲ್ಲ. ಇಷ್ಟು ಹೊತ್ತೂ ಅವಳ ಕಣ್ಣು, ಜೀವ ಎಲ್ಲ ಮುಳ್ಳಿನ ಮೇಲಿತ್ತು. ಬೆರಳ ಕೆಳಗೆ ಏನಾಗುತ್ತಿದೆ ಎಂದು ಗಮನಿಸಿರಲೇ ಇಲ್ಲ. ಎರಡು ಬಡಿತ ಒಂದರ ಮೇಲೊಂದು ಬಿದ್ದು ಬಂದವು. ಆಮೇಲೆ ಏನೂ ಇಲ್ಲ. ಅವಳು ಉಸಿರು ಬಿಗಿಹಿಡಿದು ಕಾದಳು. ಒಂದು ಬಂತು, ಬಡಪಾಯಿಯ ಹಾಗೆ. ಅದರ ಬೆನ್ನಿಗೇ ಅವಸರದಲ್ಲಿ ಮೂರು. ಮತ್ತೆ ಏನೂ ಇಲ್ಲ. ಮೂರು ವಾಚುಗಳೂ ನಿಜವನ್ನೇ ಹೇಳಿದ್ದವು.

ಈ ಏದುಸಿರು ಯಾವಾಗಿನಿಂದ ಎಂದು ಕೇಳಿದಳು. ಏಣಿ ಹತ್ತುವಾಗ ಬರುತ್ತದೆ, ಬಣ್ಣದ ವಾಸನೆಗೆ ಇರಬೇಕು, ಬಂದ ಹಾಗೇ ಹೋಗುತ್ತದೆ ಎಂದ ಅಪ್ಪ. ಅಂಗಡಿಯವ ಅವಳ ಮುಖ ನೋಡಿದ, ಅವಳ ಬೆರಳುಗಳನ್ನು ನೋಡಿದ. ವ್ಯಾಪಾರದ ಮಾತೆತ್ತದೆ ಮೇಜಿನ ಮೇಲಿದ್ದ ಫ್ಯಾನನ್ನು ಅಪ್ಪನ ಕಡೆ ತಿರುಗಿಸಿ, ಆಟೋ ಕರೆಯಲು ಬಾಗಿಲಿಗೆ ಹೋದ.

"ಅಪ್ಪ, ಏಳು. ಈಗ್ಲೇ ಆಸ್ಪತ್ರೆಗೆ ಹೋಗೋಣ."

ಅಪ್ಪ ಬಿಡುವಿದ್ದ ಕೈಯಿಂದ ಅಗ್ಗದ ವಾಚನ್ನು ಎತ್ತಿ ಬೆಳಕಿಗೆ ಹಿಡಿದ. ಸುಮ್ಮನೆ ಆ ಮನುಷ್ಯನ ಮೇಲೆ ರೇಗಿದೆನಲ್ಲ ಎಂದು ಪೇಚಾಡಿಕೊಂಡ. ದುಡ್ಡು ಉಳಿದ ಸಮಾಧಾನಕ್ಕೆ ಅವನ ಮುಖವೆಲ್ಲ ನಗುವಾಗಿತ್ತು.

"ವಾಚು ಸಿಕ್ಕಿದ ಖುಷಿಗೆ ಇಷ್ಟೊಂದು ಅವಸರವಾ, ಹುಚ್ಚಿ? ನಿನ್ನ ಡ್ಯೂಟಿ ಇರೋದು ನಾಳೆ ಅಲ್ವಾ."