ಬಾತುಕೋಳಿ ಕೊಳದ ಡಬ್ಬಿ

ಈ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಅಜ್ಜಿ ತುಂಬಿಡುತ್ತಿದ್ದ ರಾಗಿ ಹಿಟ್ಟಿನ ವಾಸನೆ ಬರುತ್ತದೆ, ಕ್ಯುಪರ್ಟಿನೋದ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಅಪ್ಪ ಡಾಟ್‌ಕಾಮ್ ಕಂಪನಿಯಲ್ಲಿದ್ದರು, ಭಾನುವಾರವೂ ಆಫೀಸು. ನಮ್ಮಜ್ಜಿ ಕೋಲಾರದವರೆಂದು ಕೇಳಿ, ಪಕ್ಕದ ಅಪಾರ್ಟ್‌ಮೆಂಟಿನ ಇಂಗ್ಲೆಂಡಿನ ಮುದುಕಿ ಈ ಡಬ್ಬಿ ಹಿಡಿದು ಬಂದಿದ್ದಳು. ಮುಚ್ಚಳದ ಮೇಲೆ ಅವಳ ಹಳ್ಳಿಯ ಚಿತ್ರವಿತ್ತು. ಕಲ್ಲಿನ ಮನೆಗಳು, ಚರ್ಚು, ಬಾತುಕೋಳಿಗಳ ಕೊಳ. ಉಬ್ಬಿದ ತಗಡಿನ ಮೇಲೆ ಬೆರಳಾಡಿಸಿ ಒಂದು ಮನೆ ತೋರಿಸಿದಳು. ಅವಳಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಸಾಹೇಬನಾಗಿದ್ದು, ಊರಿಗೆ ಮರಳಿ ಗಣಿಯ ದುಡ್ಡಿನಲ್ಲಿ ಕಟ್ಟಿಸಿದ್ದಂತೆ. ಗಣಿಯವರೆಲ್ಲ ಒಂದೇ ಮನೆಯವರಂತಿದ್ದರು ಎಂದಳು. ನನ್ನ ಮುರುಕು ಕನ್ನಡದಲ್ಲಿ ಅದನ್ನು ಅಜ್ಜಿಗೆ ಹೇಳಿದೆ.

ಅಜ್ಜಿ ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟರು. "ನಮ್ಮಪ್ಪ ಅದೇ ಗಣೀಲಿ ಕೂಲಿ. ದಿನಾ ಮೇಲಕ್ಕೆ ಬಂದಾಗ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡೋರು, ಚಿನ್ನ ಕದ್ದವ್ನೇನೋ ಅಂತ. ಅವರಪ್ಪನ ಬಾಯಿ ಯಾರು ನೋಡಿದ್ರು, ಕೇಳು."

"ಬೇಡ ಕಣೇ, ಪಾಪ ವಯಸ್ಸಾದೋರು," ಎಂದು ನನ್ನನ್ನು ತಡೆದರು ಅಮ್ಮ. "ಬಿಸ್ಕತ್ತು ಚೆನ್ನಾಗಿದೆಯಂತೆ ಅಂತ ಹೇಳು."

"ನಂಗೂ ವಯಸ್ಸಾಗೈತೆ," ಎಂದರು ಅಜ್ಜಿ.

ನಾನು ಅಜ್ಜಿಯ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಮುದುಕಿ ಡಬ್ಬಿಯ ಮುಚ್ಚಳ ಮುಚ್ಚಿದಳು. ಆಮೇಲೆ ಡಬ್ಬಿ ಎತ್ತಿಕೊಂಡು ಹೊರಟಳು.

ಅಜ್ಜಿ ಬಾಗಿಲ ಬಳಿ ಹೋಗಿ ಅದನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. "ಇದು ಇಲ್ಲೇ ಇರ್ಲಿ ಅಂತ ಹೇಳು. ಆ ಮನೇಲಿ ನಮ್ಮಪ್ಪಂದೂ ಪಾಲೈತೆ."