ಹಲ್ಲಿನ ಗುರುತು

"ಒಂದು ಹಲ್ಲಿನ ಗುರುತೂ ಇಲ್ವಲ್ಲ ಇದರ ಮೇಲೆ," ಎಂದರು ತಪಾಸಣೆಗೆ ಬಂದ ಅಧಿಕಾರಿ, ರಬ್ಬರಿನ ಗಿಳಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು. ನೆತ್ತಿ ನರೆತ ಹೆಂಗಸು, ಮೆಲುದನಿ.

ಬಟ್ಟೆ ಕಾರ್ಖಾನೆಯ ಆ ಕೋಣೆಯ ಬೀಗ ತೆಗೆದದ್ದೇ ಅಂದು ಬೆಳಿಗ್ಗೆ. ಇಷ್ಟೊಂದು ಹೆಂಗಸರು ದುಡಿಯುವ ಕಡೆ ಅವರ ಕೂಸುಗಳಿಗೊಂದು ಕೋಣೆ, ನೋಡಿಕೊಳ್ಳಲೊಬ್ಬ ಆಯಾ ಇರಲೇಬೇಕೆಂದು ಸರ್ಕಾರದ ಕಾನೂನು. ಕೋಣೆಯೇನೋ ಇತ್ತು. ಗೋಡೆಯ ತುಂಬ ಆನೆ, ಮೊಲ, ಮೋಡ; ಮೂಲೆಯಲ್ಲೊಂದು ತೊಟ್ಟಿಲು. ಅಜ್ಜಿಕಥೆಯ ಅರಮನೆಯಲ್ಲಿ ತೆರೆಯಬಾರದ ಏಳನೆಯ ಕೋಣೆಯೊಂದು ಇರುತ್ತದಲ್ಲ, ಹಾಗೆ ವರ್ಷವಿಡೀ ಮುಚ್ಚಿಕೊಂಡೇ ಇರುತ್ತಿತ್ತು, ಅಷ್ಟೇ.

"ಎಲ್ಲಾ ಕೂಸುಗಳಿಗೂ ನೆಗಡಿ ಮೇಡಂ, ಅದಕ್ಕೇ ಇವತ್ತು ಯಾರೂ ತಂದಿಲ್ಲ," ಎಂದು ಸೂಪರ್‌ವೈಸರ್ ಹಲ್ಲು ಕಿರಿದ.

"ಒಂದೇ ದಿನ ಎಲ್ಲಕ್ಕೂ ನೆಗಡಿ! ಭಾರೀ ಒಗ್ಗಟ್ಟು ನಿಮ್ಮ ಮಕ್ಕಳಲ್ಲಿ." ಅಧಿಕಾರಿ ತೊಟ್ಟಿಲ ಪಕ್ಕ ನಿಂತವಳ ಕಡೆ ತಿರುಗಿದರು. "ನೀನೇನಮ್ಮಾ ಆಯಾ? ದಿನಾ ತೆಗೀತಾರಾ ಈ ಬಾಗಿಲು?"

ಅವಳು ಆಯಾ ಅಲ್ಲ. ಶರ್ಟಿನ ಕಾಲರ್ ಹೊಲಿಯುವವಳು, ಕಾರ್ಖಾನೆಗೆಲ್ಲ ಕಾಲರಮ್ಮ. ಬೆಳಿಗ್ಗೆ ಮೆಷಿನ್ನಿನಿಂದ ಎಬ್ಬಿಸಿ, ನೀಲಿ ಏಪ್ರನ್ ತೊಡಿಸಿ ಅಲ್ಲಿ ನಿಲ್ಲಿಸಿದ್ದರು. ಇಲ್ಲ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅಧಿಕಾರಿಯ ಬೆನ್ನ ಹಿಂದೆ ಸೂಪರ್‌ವೈಸರನ ಕಣ್ಣು ಕೆಂಡವಾಗಿತ್ತು. "ಹೂಂ," ಎಂದುಬಿಟ್ಟಳು. ಅಧಿಕಾರಿ ಅವಳ ಹೆಗಲಿಗೆ ಅಂಟಿದ್ದ ದಾರದ ತುಂಡೊಂದನ್ನು ಬಿಡಿಸಿ ನೋಡಿದರು. ಸೂಪರ್‌ವೈಸರನಿಗೆ ಹೇಳಿದ್ದು ಇಷ್ಟೇ: "ಸೋಮವಾರ ಮತ್ತೆ ಬರ್ತೀನಿ. ಮಕ್ಕಳು ಆಡಿದ ಕುರುಹು ಕಾಣ್ಬೇಕು. ಇಲ್ದಿದ್ರೆ ಆಯಾನ ನಾನೇ ಕಳಿಸ್ತೀನಿ. ಬೀಗದ ಕೈ ಅವಳ ಸೊಂಟದಲ್ಲಿರುತ್ತೆ, ಸಂಬಳ ನೀವು ಕೊಡ್ತೀರಿ."

ಸಂಜೆ ಸೂಪರ್‌ವೈಸರ್ ಆಟಿಕೆಗಳನ್ನೆಲ್ಲ ಚೀಲಕ್ಕೆ ತುಂಬಿ ಕಾಲರಮ್ಮನ ಮಡಿಲಿಗೆ ಹಾಕಿದ. "ನಿನ್ನ ಕೂಸಿಗೆ ಹಲ್ಲು ಬರೋ ಕಾಲವಂತೆ. ಚೆನ್ನಾಗಿ ಕಚ್ಲಿ, ಜೊಲ್ಲು ಸುರಿಸ್ಲಿ. ಸೋಮವಾರ ಬೆಳಿಗ್ಗೆ ವಾಪಸ್ ತಾ. ನೋಡು, ಮಗೂಗೆ ಆಟಾನೂ ಆಯ್ತು, ನನ್ನ ಕೆಲಸಾನೂ ಆಯ್ತು."

ಮನೆಗೆ ಬಂದಾಗ ಕೂಸು ಅಳುತ್ತಿತ್ತು. ಕಣ್ಣಿಗೆ ಪೊರೆ ಬಂದ ಅತ್ತೆ ಅದನ್ನು ಸೊಂಟಕ್ಕೆ ಸೀರೆಯಲ್ಲಿ ಕಟ್ಟಿಕೊಂಡೇ ಕೂತಿದ್ದಳು. ಹಿಂದಿನ ವಾರ ಕೂಸು ನೆಲದಲ್ಲಿ ಬಿದ್ದಿದ್ದ ಅಂಗಿಯ ಗುಂಡಿಯೊಂದನ್ನು ನುಂಗಿ, ಉಸಿರು ಕಟ್ಟಿ ನೀಲಿಯಾಗಿತ್ತು. ಪಕ್ಕದ ಮನೆಯವಳು ಓಡಿಬಂದು ಬೆನ್ನು ತಟ್ಟಿ ಕಕ್ಕಿಸಿದ್ದಳು. ಅಂದಿನಿಂದ ಮುದುಕಿ ಅದನ್ನು ನೆಲಕ್ಕೇ ಬಿಟ್ಟಿರಲಿಲ್ಲ.

ಚೀಲದಿಂದ ಗಿಳಿ ಇಣುಕಿದ್ದೇ ತಡ, ಕೂಸು ಎರಡೂ ಕೈ ಚಾಚಿತು. ಕಾಲರಮ್ಮ ಚೀಲವನ್ನು ಅಟ್ಟದ ಮೇಲೆ ಇಟ್ಟಳು. ಅಳು ತಾರಕಕ್ಕೇರಿತು.

"ಕೊಡೇ! ವಸಡು ಕಡೀತಿದೆ ಅದಕ್ಕೆ. ಆಟಿಕೆ ಬಚ್ಚಿಟ್ಟು ಮಗೂನ ಅಳಿಸೋ ತಾಯೀನ ನಾನೆಲ್ಲೂ ಕಾಣೆ," ಎಂದಳು ಅತ್ತೆ.

"ಕೂಸು ಇದನ್ನ ಕಚ್ಚಿದ್ರೆ ಕಾರ್ಖಾನೇಲಿರೋ ಕೂಸುಗಳ ಕೋಣೆ ಬಾಗಿಲು ಮತ್ತೆ ಮುಚ್ಚುತ್ತೆ ಅತ್ತೆ. ರಾಕ್ಷಸನ ಪ್ರಾಣ ಗಿಳೀಲಿತ್ತು ಅಂತ ನೀವೇ ಕಥೆ ಹೇಳಿದ್ರಲ್ಲ."

"ಆ ಕಥೇಲಿ ಗಿಳಿ ಕತ್ತು ಮುರೀಬೇಕು ಕಣೇ."

"ಇಲ್ಲಿ ಕಾಪಾಡ್ಬೇಕು."

ಮುದುಕಿ ಏನು ಅರ್ಥಮಾಡಿಕೊಂಡಳೋ, ಸೀರೆಯ ಗಂಟು ಬಿಚ್ಚಿ ಕೂಸನ್ನು ಸೊಸೆಯ ಕೈಗಿತ್ತಳು. ಕಾಲರಮ್ಮ ಅದನ್ನು ಮಡಿಲಲ್ಲಿ ಮಲಗಿಸಿ, ಕಣ್ಣು ಮುಚ್ಚಿ, ತೋರುಬೆರಳನ್ನು ಅದರ ಬಾಯಿಗಿಟ್ಟಳು. ಅಳು ನಿಂತಿತು. ಕೂಸು ಬೆರಳನ್ನು ಜಗಿದು ಜಗಿದು ಹಾಗೇ ನಿದ್ದೆ ಹೋಯಿತು. ಭಾನುವಾರದವರೆಗೂ ಅದು ಅತ್ತಾಗಲೆಲ್ಲ ಅದೇ ಬೆರಳು.

ಸೋಮವಾರ ಸೂಪರ್‌ವೈಸರ್ ಗಿಳಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಚೀಲ ಬುಡಮೇಲು ಮಾಡಿ ಉಳಿದವನ್ನೂ ನೋಡಿದ. ಎಲ್ಲವೂ ಅಂಗಡಿಯಿಂದ ತಂದ ಹಾಗೇ ಮಿರುಗುತ್ತಿದ್ದವು.

"ಏನೇ ಇದು?"

"ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ ಸಾರ್."

ಹೊರಗೆ ಜೀಪು ನಿಂತ ಸದ್ದಾಯಿತು. ಅವನು ಗಿಳಿಯನ್ನು ತನ್ನ ಬಾಯಿಯ ಹತ್ತಿರವೇ ಒಯ್ದ. ಬಾಗಿಲಲ್ಲಿ ಹೆಜ್ಜೆ ಕೇಳಿಸಿ ಬೆನ್ನ ಹಿಂದೆ ಅಡಗಿಸಿದ.

ಒಳಗೆ ಬಂದ ಅಧಿಕಾರಿ ಆಟಿಕೆಗಳ ಮೇಲೊಮ್ಮೆ ಕಣ್ಣಾಡಿಸಿದರು. ಆಮೇಲೆ ನೀಲಿ ಏಪ್ರನ್ನಿನವಳ ಕೈ ನೋಡಿದರು. ತೋರುಬೆರಳಿಗೆ ಕಾಲರ್ ಬಟ್ಟೆಯ ಚೂರೊಂದು ಸುತ್ತಿತ್ತು.

"ಸೂಜಿ ಹೊಕ್ಕಿತಾ?"

"ಇಲ್ಲಮ್ಮಾ."

ಈ ಸಲ ಅವಳು ಯಾರ ಕಣ್ಣನ್ನೂ ನೋಡಲಿಲ್ಲ. ಬಟ್ಟೆಯ ಚೂರನ್ನು ತಾನೇ ಬಿಚ್ಚಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಕಿಕಾಳಿನ ಮೊನೆಯಂಥ ಎರಡು ಗುರುತು, ಪಕ್ಕಪಕ್ಕದಲ್ಲಿ, ಇನ್ನೂ ಕೆಂಪಗೆ.